ಹಾರನ್ ಮೇಷ್ಟ್ರಿಗೆ ಎಂಟು ಬಾರದ ಕಾಲ

ನಮ್ಮ ಭಾವನಿಗೆ ಹೀಬ್ರೂ ಬರುತ್ತದೆ ಎಂದು ಯಾರಾದರೂ ನಿಮಗೆ ಹೇಳಿದರೆ ದಯವಿಟ್ಟು ಪೂರ್ತಿ ನಂಬಬೇಡಿ. ಹತ್ತರವರೆಗೆ ಬರುತ್ತದೆ, ಅಷ್ಟೆ. ಒಂದು ಕಾಲದಲ್ಲಿ ಅದರಲ್ಲೂ ಎಂಟು ಬರುತ್ತಿರಲಿಲ್ಲ. ಆ ಎಂಟು ಬಾರದ ಕಾಲವೇ ನಮ್ಮ ಕುಟುಂಬದ ಸುವರ್ಣಯುಗ ಎಂದು ನಾನು ಯಾವ ಸಭೆಯಲ್ಲಿ ಬೇಕಾದರೂ ಎದ್ದು ನಿಂತು ಹೇಳಬಲ್ಲೆ.

ಭಾವ ಅಂದರೆ ನಮ್ಮಕ್ಕನ ಯಜಮಾನರು, ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಮೇಷ್ಟ್ರು. ಜನ ಅವರನ್ನು ಹಾರನ್ ಮೇಷ್ಟ್ರು ಅನ್ನುತ್ತಾರೆ. ಸ್ಕೂಲಿನ ಕಾರಿಗೆ ಹಾರನ್ ಇಲ್ಲ ಅಂತಲ್ಲ. ಇದೆ. ಅದನ್ನು ಒತ್ತುವ ಸಂದರ್ಭ ಬಂದಿಲ್ಲ. ಅವರು ಕೂರುವ ಸೀಟಿನ ಮುಂದೆ ಕಲಿಸುವವರಿಗೆಂದೇ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಇವೆ. ಕಾಲಲ್ಲಿ ಮುಗಿಯುವ ಕೆಲಸವನ್ನು ಭಾವ ಬಾಯಲ್ಲಿ ಮಾಡುತ್ತಿದ್ದರು. ಮೂಗಿನ ತುದಿಯಲ್ಲಿ ಕೋಪ ಅನ್ನುತ್ತಾರಲ್ಲ, ಭಾವನ ಮೂಗು ಅಷ್ಟೇನೂ ಉದ್ದವಿಲ್ಲ, ಹಾಗಾಗಿ ಕೋಪಕ್ಕೆ ದಾರಿ ಇನ್ನೂ ಹತ್ತಿರ. ಅದೊಂದು ಬಿಟ್ಟರೆ ಮನುಷ್ಯ ಬಂಗಾರ.

ನನ್ನದು ಆ ಸ್ಕೂಲಿನ ಪಕ್ಕದಲ್ಲೇ ಜೆರಾಕ್ಸ್ ಅಂಗಡಿ. ಪಾಸ್‌ಪೋರ್ಟ್ ಸೈಜಿನ ಫೋಟೋ ಕೂಡ ತೆಗೆಯುತ್ತೇನೆ. ಕಾರು ಕಲಿಯಲು ಸೇರುವವರ ಮುಖ ನೋಡುವವನು ನಾನು, ಅರ್ಧಕ್ಕೇ ಬಿಟ್ಟು ಓಡುವವರ ಬೆನ್ನು ನೋಡುವವನೂ ನಾನೇ. ಮನೆಯೂ ಒಂದೇ ಕಟ್ಟಡದಲ್ಲಿ, ಅವರು ಮೇಲೆ, ನಾನು ಕೆಳಗೆ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಭಾವನ ವಿಷಯವಾದ್ದರಿಂದ ಕಿವಿಯ ಪಾಲೇ ಹೆಚ್ಚು.

ಎಲ್ಲ ಶುರುವಾದದ್ದು ಅಕ್ಕನಿಂದ. ಅಕ್ಕನಿಗೆ ಲೈಬ್ರರಿಯಲ್ಲಿ ಕೆಲಸ. ಮದುವೆಗೂ ಮುಂಚಿನಿಂದ ಅದೇ ಮರದ ಕೌಂಟರಿನ ಹಿಂದೆ ಕೂತು, ಪುಸ್ತಕ ಕೊಟ್ಟು, ಪುಸ್ತಕ ಪಡೆದು, ಮೊಹರು ಒತ್ತಿ ಒತ್ತಿ ಅವಳ ಬಲಗೈ ಎಡಗೈಗಿಂತ ದಪ್ಪವಾಗಿದೆ. ಲೈಬ್ರರಿಗೆ ಒಂದು ವ್ಯಾನ್ ಇದೆ, ಒಳಗೆಲ್ಲ ಪುಸ್ತಕದ ಕಪಾಟು. ಆಸ್ಪತ್ರೆ, ವೃದ್ಧಾಶ್ರಮ, ಊರಾಚೆಯ ಶಾಲೆ, ಹೀಗೆ ಲೈಬ್ರರಿಗೆ ಬರಲಾಗದವರ ಬಾಗಿಲಿಗೇ ಹೋಗುವ ವ್ಯಾನು. ಅದರ ಡ್ರೈವರ್ ಇನ್ನು ಮೂರು ತಿಂಗಳಿಗೆ ನಿವೃತ್ತಿಯಾಗುವವರಿದ್ದರು. ಲೈಬ್ರರಿಯ ದೊಡ್ಡ ಮೇಡಂ ಅಕ್ಕನನ್ನು ಕರೆದು, "ಅಷ್ಟರೊಳಗೆ ಲೈಸೆನ್ಸ್ ತಗೊಂಡು ಬಂದ್ರೆ ವ್ಯಾನ್ ನಿನಗೇ ಕಣಮ್ಮ. ಇಲ್ಲಾಂದ್ರೆ ಹೊರಗಿನವರನ್ನ ನೋಡ್ಕೋಬೇಕಾಗುತ್ತೆ" ಅಂದರು.

ಅಕ್ಕ ಅವತ್ತು ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ನನ್ನ ಅಡುಗೆಮನೆಗೆ ನುಗ್ಗಿದಳು. "ಆ ವ್ಯಾನ್ ಓಡಿಸಬೇಕು ಕಣೋ. ಇಷ್ಟು ವರ್ಷ ಬಂದವರಿಗೆ ಕೊಟ್ಟಿದ್ದಾಯ್ತು. ಬರಕ್ಕಾಗದೆ ಇರೋರ ಹತ್ರ ನಾನೇ ಹೋಗ್ಬೇಕು. ನನಗೆ ಬೇರೇನೂ ಬೇಡ." ಅವಳ ಕಣ್ಣು ನೋಡಿದರೆ ಆಗಲೇ ಸ್ಟೇರಿಂಗ್ ಹಿಡಿದಂತಿತ್ತು.

ಮನೆಯಲ್ಲೇ ಮೇಷ್ಟ್ರಿರುವಾಗ ಇನ್ನೇನು ಕಷ್ಟ ಅಂತ ನೀವು ಅಂದುಕೊಂಡಿರಬಹುದು. ನಾವೂ ಹಾಗೇ ಅಂದುಕೊಂಡೆವು. ಮೊದಲ ದಿನವೇ ಅಕ್ಕ ಸರ್ಕಲ್ಲಿನ ನಟ್ಟನಡುವೆ ಕಾರು ನಿಲ್ಲಿಸಿ, ಬಾಗಿಲು ತೆಗೆದು, ನಡೆದುಕೊಂಡು ಮನೆಗೆ ಬಂದಳು. ಭಾವ ಕೂಗಿದ ಕೂಗಿಗೆ ಟ್ರಾಫಿಕ್ ಪೊಲೀಸಿನವನು ಗಾಬರಿಯಾಗಿ ನಾಲ್ಕೂ ಕಡೆಯ ವಾಹನಗಳನ್ನು ಒಟ್ಟಿಗೇ ಬಿಟ್ಟುಬಿಟ್ಟಿದ್ದನಂತೆ.

ಅಕ್ಕ ಕೂಗಾಡಲಿಲ್ಲ. ಮೊಹರು ಒತ್ತುವವಳ ಹಾಗೆ ಒಂದೊಂದೇ ಮಾತು ಒತ್ತಿ ಹೇಳಿದಳು. "ರೀ, ಇನ್ನೊಂದೇ ಒಂದು ಸಲ ನೀವು ನನ್ನ ಮೇಲೆ ಕೂಗಿದ್ರೆ ನಾನು ಎದುರು ಸ್ಕೂಲಿಗೆ ಸೇರ್ತೀನಿ."

ಎದುರು ಸ್ಕೂಲು ಅಂದರೆ ಭಾವನ ಸ್ಕೂಲಿನ ಎದುರಿಗೇ, ರಸ್ತೆಯ ಆಚೆ ಬದಿಯಲ್ಲಿರುವ ಡ್ರೈವಿಂಗ್ ಸ್ಕೂಲು. ಹಾರನ್ ಮೇಷ್ಟ್ರ ಹೆಂಡತಿ ಅಲ್ಲಿ ಕಲಿಯಲು ಸೇರಿದರೆ ಅವರು ಆ ಸಂಗತಿಯನ್ನು ಬೋರ್ಡಿನಲ್ಲೇ ಬರೆಸುತ್ತಾರೆ. ಭಾವನ ಮುಖ ಗಾಳಿ ಹೋದ ಟೈರಿನಂತಾಯಿತು.

ಮಾರನೇ ದಿನ ಬೆಳಗ್ಗೆ ಭಾವ ಮೂಲೆಯ ಔಷಧಿ ಅಂಗಡಿಗೆ ಹೋಗಿ, "ಕೂಗು ನಿಲ್ಲೋಕೆ ಏನಾದ್ರೂ ಕೊಡಿ" ಎಂದು ಕೇಳಿದರು.

ಅಂಗಡಿಯವರು ಸಮಾಧಾನದ ಮನುಷ್ಯ. "ಗುಳಿಗೆ ಬೇಡ. ಕೋಪ ಬಂದ ತಕ್ಷಣ ಮನಸ್ಸಲ್ಲಿ ಹತ್ತರವರೆಗೆ ಎಣಿಸಿ" ಅಂದರು.

ಭಾವ ಅಲ್ಲೇ ಪ್ರಯೋಗ ಮಾಡಿ ತೋರಿಸಿದರು. ಒಂದೆರಡುಮೂರುನಾಲ್ಕು ಎಂದು ಒಂದೇ ಉಸಿರಿನಲ್ಲಿ ಹತ್ತು ಮುಟ್ಟಿ, ಓಡಿ ಬಂದು ಹಾರುವವರ ಹಾಗೆ, ಆ ರಭಸದಲ್ಲೇ ಇನ್ನೂ ಜೋರಾಗಿ ಕೂಗಿದರು. ಕಪಾಟಿನ ಸೀಸೆಗಳೆಲ್ಲ ಗಲಗಲ ಅಂದವು.

"ನಿಮಗೆ ಎಣಿಕೆ ತುಂಬಾ ಚೆನ್ನಾಗಿ ಬರುತ್ತೆ. ಅದೇ ತೊಂದರೆ" ಅಂದರು ಅಂಗಡಿಯವರು, ಕಿವಿ ಉಜ್ಜಿಕೊಳ್ಳುತ್ತ. "ಗೊತ್ತಿಲ್ಲದ ಭಾಷೇಲಿ ಎಣಿಸಿ. ಮುಂದಿನದು ಯಾವುದು ಅಂತ ಹುಡುಕೋಷ್ಟರಲ್ಲಿ ಕೋಪ ಕಾದು ಕಾದು ಹೊರಟುಹೋಗುತ್ತೆ."

ಭಾವ ನೇರ ನನ್ನ ಅಂಗಡಿಗೆ ಬಂದು ಫೋನ್ ಕೈಗಿಟ್ಟರು. ಭಾಷೆ ಕಲಿಸುವ ಒಂದು ಆ್ಯಪ್ ಹಾಕಿಕೊಟ್ಟೆ. ಪರದೆಯ ಮೇಲೆ ಭಾಷೆಗಳ ದೊಡ್ಡ ಸಾಲೇ ಬಂತು. "ಯಾವುದಾದ್ರೂ ಸುಲಭದ್ದು ನೋಡಿ ಒತ್ತಿ ಭಾವ" ಅಂದೆ. ಅವರು ಹೆಬ್ಬೆರಳು ಎತ್ತಿದರು, ಅಷ್ಟರಲ್ಲಿ ಸೀನು ಬಂತು. ಬೆರಳು ಎಲ್ಲಿ ಬಿತ್ತೋ, ಫೋನಿನೊಳಗಿನ ಹೆಂಗಸು ಹೀಬ್ರೂವಿನಲ್ಲಿ ಸ್ವಾಗತ ಹೇಳಿಬಿಟ್ಟಳು.

ಹಿಂದಕ್ಕೆ ಹೋಗೋಣ ಅಂದರೆ ಆಗಲಿಲ್ಲ. ಆ ಭಾಷೆ ಬಲದಿಂದ ಎಡಕ್ಕೆ ಓಡುತ್ತದಂತೆ. ಅದರ ಗೌರವಾರ್ಥ ಪರದೆಯೂ ಪೂರ್ತಿ ತಿರುಗಿ ನಿಂತಿತ್ತು. ಎಡಕ್ಕಿರಬೇಕಾದ ಬಾಣ ಬಲಕ್ಕೆ, ಬಲಕ್ಕಿರಬೇಕಾದದ್ದು ಎಡಕ್ಕೆ. ಭಾವ ಎಲ್ಲೆಲ್ಲೋ ಒತ್ತಿ ಕೊನೆಗೆ ಕೈಚೆಲ್ಲಿದರು. "ರಿವರ್ಸ್ ಗೇರ್ ಎಲ್ಲಿದೆ ಅಂತ ಗೊತ್ತಾಗದ ಗಾಡಿ ಕಣಯ್ಯ ಇದು. ಇರಲಿ ಬಿಡು, ಮುಂದಕ್ಕೇ ಹೋಗೋಣ."

ಹೀಗೆ ನಮ್ಮ ಭಾವ ಹೀಬ್ರೂ ಭಾಷೆಗೆ ಪ್ರವೇಶ ಮಾಡಿದರು. ಅಖಾತ್ ಅಂದರೆ ಒಂದು. ಶ್ತಾಯಿಮ್ ಎರಡು. ಶಾಲೋಶ್ ಮೂರು. ಆಮೇಲೆ ಅರ್ಬಾ, ಖಾಮೇಶ್, ಶೇಶ್, ಶೇವಾ. ಎಂಟಕ್ಕೆ ಶ್ಮೋನೆ. ಒಂಬತ್ತು ತೇಶಾ, ಹತ್ತು ಏಸೆರ್. ಅಖಾತ್ ಎನ್ನುವಾಗಿನ ಖಕಾರ ನಮ್ಮ ಖಕಾರದಂತಲ್ಲ, ಗಂಟಲಲ್ಲಿ ಏನೋ ಸಿಕ್ಕಿಕೊಂಡು ಅದನ್ನು ಮರ್ಯಾದೆಯಿಂದ ಹೊರಗೆ ಕಳಿಸುವ ಸದ್ದು. ಭಾವ ಬೆಳಗ್ಗೆ ಬೆಳಗ್ಗೆ ಮೆಟ್ಟಿಲ ಮೇಲೆ ಅಭ್ಯಾಸ ಮಾಡುತ್ತಿದ್ದರು, ಮೆಟ್ಟಿಲಿಗೊಂದು ಅಂಕಿ. ಕೆಳಗೆ ನನ್ನ ಪಕ್ಕದ ಮನೆಯ ನಿವೃತ್ತ ನರ್ಸಮ್ಮ ಬಾಗಿಲು ತೆರೆದು, "ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸಿ" ಅಂತ ಸಲಹೆ ಕೊಟ್ಟರು. ಶೇವಾದವರೆಗೆ ಏರಿ ಭಾವ ಮುಂದಿನ ಮೆಟ್ಟಿಲಿನ ಮೇಲೆ ಕಾಲು ತೂಗಿಸಿಕೊಂಡು ನಿಂತುಬಿಡುತ್ತಿದ್ದರು. ಎಂಟು ಬರುತ್ತಿರಲಿಲ್ಲ. ಅದನ್ನು ನೋಡಿ ನರ್ಸಮ್ಮ ಮಂಡಿಗೂ ಒಂದು ಎಣ್ಣೆ ಕೊಟ್ಟರು.

ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅಕ್ಕನ ತುಟಿಯೂ ಆಗಾಗ ಅಲುಗುತ್ತಿತ್ತು. ಗಂಡನನ್ನು ಬೈದುಕೊಳ್ಳುತ್ತಿದ್ದಾಳೆ ಅಂದುಕೊಂಡು ನಾನು ಸುಮ್ಮನಾದೆ.

ಮೊದಲ ಪ್ರಯೋಗ ಆದದ್ದು ನಮ್ಮ ಬೀದಿಯ ದರ್ಜಿಯ ಮೇಲೆ. ದರ್ಜಿ ಟೆಸ್ಟಿನಲ್ಲಿ ಆಗಲೇ ಎರಡು ಸಲ ಫೇಲಾದವರು. ಕಾರಣ ಸರಳ. ಅವರ ಕಾಲಿಗೆ ಪೆಡಲ್ ಸಿಕ್ಕಿದರೆ ಸಾಕು, ಹೊಲಿಗೆ ಶುರು. ಕ್ಲಚ್ಚನ್ನು ಹೊಲಿಗೆ ಮೆಷೀನಿನಂತೆ ತುಳಿಯುವರು, ಕಾರು ಹೆಜ್ಜೆ ಹೆಜ್ಜೆಗೂ ಜಗ್ಗಿ ಜಗ್ಗಿ ಹೋಗುವುದು. ಅವತ್ತೂ ಹಾಗೇ ಆಯಿತು. ಭಾವನ ಕಿವಿ ಕೆಂಪಗಾಯಿತು. ದರ್ಜಿ ಇನ್ನೇನು ಕೂಗು ಬಂತು ಎಂದು ಭುಜ ಕುಗ್ಗಿಸಿದರು.

ಕೂಗು ಬರಲಿಲ್ಲ. ಭಾವ ಕಣ್ಣು ಮುಚ್ಚಿ, "ಅಖಾತ್" ಅಂದರು.

ದರ್ಜಿ ನೀರಿನ ಬಾಟಲಿ ಚಾಚಿದರು. ಭಾವ ಬೇಡವೆಂದು ಕೈಯಾಡಿಸಿ ಮುಂದುವರಿದರು. ಶ್ತಾಯಿಮ್. ಶಾಲೋಶ್. ಶೇವಾ ಆದಮೇಲೆ ನಿಂತರು. ಗಾಜಿನಾಚೆ ಆಕಾಶ ನೋಡಿದರು, ಬೆರಳು ಮಡಚಿದರು, ಬಿಚ್ಚಿದರು. ಕಾರಿನೊಳಗೆ ಅಂಥ ಮೌನ ಅದು ಶೋರೂಮಿನಿಂದ ಬಂದಮೇಲೆ ಆಗಿರಲಿಲ್ಲ. ಆ ಮೌನದಲ್ಲಿ ದರ್ಜಿಗೆ ಮೊಟ್ಟಮೊದಲ ಸಲ ಇಂಜಿನ್ನಿನ ಸದ್ದು ಕೇಳಿಸಿತು. ಅದು ಗೊಣಗಿದರೆ ಗೇರು ಕೇಳುತ್ತಿದೆ, ನಡುಗಿದರೆ ಕ್ಲಚ್ಚು ಕೇಳುತ್ತಿದೆ ಎಂದು ಕಾಲಿಗೆ ತಾನೇ ತಿಳಿಯಿತು. ಮುಂದಿನ ವಾರವೇ ಪಾಸಾದರು.

ಪಾಸಾದ ಮನುಷ್ಯ ಸುಮ್ಮನಿರಬೇಕಲ್ಲ. ಅಳತೆ ಕೊಡಲು ಬಂದವರ ಕೊರಳಿಗೆ ಟೇಪು ಸುತ್ತಿ, ಅವರು ಅಲುಗದಂತೆ ಹಿಡಿದುಕೊಂಡು ಹೇಳತೊಡಗಿದರು. "ಹಾರನ್ ಮೇಷ್ಟ್ರು ಕಣ್ಣು ಮುಚ್ಚಿ ಏನೋ ಮಂತ್ರ ಹೇಳಿದ್ರು ನೋಡಿ. ಕಾಲು ನನ್ನದು, ಆದ್ರೆ ಕ್ಲಚ್ ಬಿಟ್ಟಿದ್ದು ನಾನಲ್ಲ."

ಎರಡೇ ವಾರದಲ್ಲಿ ಸ್ಕೂಲಿನ ಮುಂದೆ ಸಾಲು. ಹಿಂದೆ ಅಳುತ್ತ ಬಿಟ್ಟುಹೋಗಿದ್ದ ದಂತವೈದ್ಯೆ ವಾಪಸ್ ಬಂದರು. ಸಂಗೀತದ ಮೇಡಂ ಬಂದರು. ಗೋಡೆ ಗಡಿಯಾರ ರಿಪೇರಿಯವರು ಬಂದರು, ಅವರಿಗೆ ಕಾರೇ ಇಲ್ಲ. ಎಲ್ಲರಿಗೂ ನನ್ನಲ್ಲೇ ಫೋಟೋ ಆದ್ದರಿಂದ ನಾನೂ ಬಾಯಿ ಬಿಡಲಿಲ್ಲ. ಭಾವ ಮಾತ್ರ ಪ್ರಾಮಾಣಿಕರು. ಕೇಳಿದವರಿಗೆಲ್ಲ ಕೈಮುಗಿದು ನಿಜ ಹೇಳಿದರು.

"ಅಯ್ಯೋ, ಅದು ಮಂತ್ರ ಗಿಂತ್ರ ಏನೂ ಅಲ್ಲ ಕಣ್ರೀ. ಬರೀ ಒಂದು ಎರಡು ಮೂರು."

"ಗೊತ್ತು ಮೇಷ್ಟ್ರೇ, ಗೊತ್ತು" ಅಂದರು ದಂತವೈದ್ಯೆ, ಮೆಲ್ಲಗೆ ನಗುತ್ತ. "ಎಲ್ಲರಿಗೂ ಹೇಳಬಾರದು ಅಂತ ಇರುತ್ತೆ."

"ನನ್ನಾಣೆ ಮೇಡಂ. ಬರೀ ಎಣಿಕೆ."

"ಎಷ್ಟು ವಿನಯ ನೋಡಿ" ಅಂದರು ಗಡಿಯಾರದವರು ಹಿಂದಿನ ಸೀಟಿನಿಂದ.

ಸ್ಕೂಲಿನ ಮಾಲಕಿ ವ್ಯವಹಾರಸ್ಥೆ. ವಿಶೇಷ ಬ್ಯಾಚ್ ಅಂತ ತೆರೆದೇಬಿಟ್ಟರು. ಕಾರು ಹತ್ತುವ ಮುಂಚೆ ಎಲ್ಲರೂ ಶೆಡ್ಡಿನಲ್ಲಿ ಸಾಲಾಗಿ ನಿಂತು ಅಖಾತ್‌ನಿಂದ ಏಸೆರ್‌ವರೆಗೆ ಒಕ್ಕೊರಲಿನಿಂದ ಹೇಳಬೇಕು. ಸಂಗೀತದ ಮೇಡಂ ಅದಕ್ಕೊಂದು ಧಾಟಿಯನ್ನೂ ಕೂಡಿಸಿದರು. ಎದುರು ಸ್ಕೂಲಿನವರು ತಾವೇನು ಕಡಿಮೆ ಎಂದು ತಮ್ಮ ವಿದ್ಯಾರ್ಥಿಗಳಿಗೆ ಶಿಳ್ಳೆ ಹೊಡೆಯುವುದನ್ನು ಕಲಿಸತೊಡಗಿದರು. ಅದರಿಂದ ಯಾರೂ ಪಾಸಾಗಲಿಲ್ಲ, ನಾಯಿಗಳು ಮಾತ್ರ ಬಂದವು.

ಈ ಗದ್ದಲದ ನಡುವೆ ಅಕ್ಕ ದಿನಾ ಸಂಜೆ ಲೈಬ್ರರಿ ಮುಗಿಸಿ ಬಂದು ಭಾವನ ಜೊತೆ ಕಾರು ಕಲಿಯುತ್ತಿದ್ದಳು. ತಪ್ಪು ಮಾಡಿದಾಗ ಭಾವ ಶೇವಾದವರೆಗೆ ಹೋಗಿ ಎಂಟನ್ನು ಹುಡುಕುತ್ತ ಕೂರುವರು. ಅಷ್ಟರಲ್ಲಿ ಅಕ್ಕ ತಪ್ಪನ್ನು ತಾನೇ ಸರಿಮಾಡಿಕೊಂಡು ಮುಂದೆ ಹೋಗಿರುವಳು. ಮನೆಯಲ್ಲಿ ನಗು ಕೇಳಿಸುತ್ತಿತ್ತು. ಭಾವ ಒಂದು ಸಂಜೆ ಅಕ್ಕನ ಕೈಚೀಲ ತಾವೇ ಹಿಡಿದು ಮೆಟ್ಟಿಲು ಹತ್ತಿದ್ದನ್ನು ನರ್ಸಮ್ಮ ಕಂಡು, ಎಣ್ಣೆ ಕೆಲಸ ಮಾಡಿತು ಅಂದುಕೊಂಡರು. ಸುವರ್ಣಯುಗ ಅಂದೆನಲ್ಲ, ಅದು ಇದೇ.

ಒಂದೇ ಒಂದು ವಿಚಿತ್ರ. ಭಾವ ಒಂದು ದಿನ ಫೋನ್ ಹಿಡಿದು ನನ್ನ ಹತ್ತಿರ ಬಂದರು. "ನಾನು ಇನ್ನೂ ಮೊದಲನೇ ಪಾಠದಲ್ಲೇ ಇದ್ದೀನಿ. ಈಯಮ್ಮ ನೋಡಿದ್ರೆ ಒಂಬತ್ತನೇ ಪಾಠ ಮುಗೀತು, ಶಭಾಷ್ ಅಂತಾಳೆ. ಎಣಿಕೆ ಹೇಳಿಕೊಡೋಳಿಗೇ ಎಣಿಕೆ ಬರಲ್ಲ ಕಣಯ್ಯ."

"ಫೋನ್ ಹಳೇದಾಯ್ತು ಭಾವ" ಅಂದೆ. ನನ್ನ ಬುದ್ಧಿಯೂ ಅಷ್ಟೇ.

ಆದರೆ ಒಳ್ಳೆಯ ಕಾಲ ಬಾಳುವುದಿಲ್ಲ, ಅದನ್ನು ಹಾಳುಮಾಡಲು ಒಳ್ಳೆಯ ಜನ ಇದ್ದೇ ಇರುತ್ತಾರೆ. ವಿಶೇಷ ಬ್ಯಾಚಿನವರಿಗೆ ಅಂಕಿಗಳು ಬಾಯಿಪಾಠವಾಗಿದ್ದವು. ಕಾರಿನಲ್ಲಿ ಭಾವ ಶೇವಾ ಎಂದು ನಿಂತು ಆಕಾಶ ನೋಡಿದರೆ ಸಾಕು, ಪಕ್ಕದಿಂದ ದಂತವೈದ್ಯೆ ಮೃದುವಾಗಿ, "ಶ್ಮೋನೆ, ಮೇಷ್ಟ್ರೇ" ಅನ್ನುವರು. ಹಿಂದಿನಿಂದ ಗಡಿಯಾರದವರೂ "ಶ್ಮೋನೆ" ಅನ್ನುವರು. ದಿನಕ್ಕೆ ಹತ್ತಾರು ಸಲ ಹೀಗೆ ಕೇಳಿ ಕೇಳಿ, ಬರಬಾರದ ಎಂಟು ಭಾವನಿಗೆ ಬಂದೇಬಿಟ್ಟಿತು. ಬಂದದ್ದು ಸುಮ್ಮನೆ ಬರಲಿಲ್ಲ, ತೇಶಾ ಏಸೆರ್‌ಗಳನ್ನೂ ಎಳೆದುಕೊಂಡು ಬಂತು.

ಅಕ್ಕನ ಟೆಸ್ಟಿಗೆ ಎರಡು ದಿನ ಇರುವಾಗ ಅನಾಹುತವಾಯಿತು. ಸ್ಕೂಲಿನ ಮುಂದಿನ ಏರಿನಲ್ಲಿ ಅಕ್ಕ ಕಾರು ನಿಲ್ಲಿಸಿ ಮತ್ತೆ ಹೊರಡಬೇಕಿತ್ತು. ಕಾರು ಒಂದು ಗೇಣು ಹಿಂದಕ್ಕೆ ಜಾರಿತು. ಭಾವ ಎಣಿಸಲು ಶುರುಮಾಡಿದರು. ಅಖಾತ್‌ಶ್ತಾಯಿಮ್‌ಶಾಲೋಶ್ ಎಂದು ಒಂದೇ ಉಸಿರು. ಎಲ್ಲೂ ತಡೆಯಲಿಲ್ಲ, ಎಂಟು ಯಾವಾಗ ದಾಟಿತೋ ಅವರಿಗೇ ಗೊತ್ತಾಗಲಿಲ್ಲ. ಏಸೆರ್ ಮುಟ್ಟಿದ ಮೇಲೆ ಬಂದ ಕೂಗು ನನ್ನ ಅಂಗಡಿಯ ಜೆರಾಕ್ಸ್ ಮೆಷೀನಿನ ಮುಚ್ಚಳಕ್ಕೂ ಕೇಳಿಸಿತು.

ಅಕ್ಕ ಕಾರನ್ನು ಬದಿಗೆ ತಂದಳು. ನ್ಯೂಟ್ರಲ್ ಮಾಡಿದಳು, ಹ್ಯಾಂಡ್ ಬ್ರೇಕ್ ಎಳೆದಳು, ಇಂಜಿನ್ ಆರಿಸಿದಳು, ಕೀ ತೆಗೆದು ಭಾವನ ಅಂಗೈಯಲ್ಲಿಟ್ಟಳು. ನಿಲ್ಲಿಸಿದ ರೀತಿಗೆ ಯಾರಾದರೂ ಪೂರ್ತಿ ಅಂಕ ಕೊಡಬೇಕು. ಆಮೇಲೆ ಇಳಿದು, ರಸ್ತೆ ದಾಟಿ, ಎದುರು ಸ್ಕೂಲಿನ ಬೋರ್ಡಿನ ಕೆಳಗೆ ಸ್ವಲ್ಪ ಹೊತ್ತು ನಿಂತಳು. ಈಚೆ ಕಡೆ ಭಾವ ಅಂಗೈಯಲ್ಲಿ ಕೀ ಹಿಡಿದು ನಿಂತರು. ಅಕ್ಕ ಒಳಗೆ ಹೋಗಲಿಲ್ಲ. ವಾಪಸ್ ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಳು.

"ಎರಡು ದಿನದಲ್ಲಿ ಅಲ್ಲಿ ಸೇರಿ ಏನು ಮಾಡ್ಲಿ ಹೇಳು" ಅಂದಳು. "ನನಗೆ ಓಡಿಸೋಕೆ ಬರುತ್ತೆ ಕಣೋ. ಇವರು ಕೂಗಿದ್ರೆ ಮಾತ್ರ ಎಡ ಯಾವುದು, ಬಲ ಯಾವುದು ಅಂತಾನೇ ಗೊತ್ತಾಗಲ್ಲ. ಟೆಸ್ಟಿನ ದಿನ ಅವರು ಆ ಮೈದಾನದ ಹತ್ರ ಸುಳೀಬಾರದು. ನೀನು ಬಾ. ಇದು ಹೋದ್ರೆ ವ್ಯಾನ್ ಹೋಯ್ತು ನೋಡು."

ಭಾವ ಔಷಧಿ ಅಂಗಡಿಗೆ ಓಡಿದರು. "ಕಲಿತುಬಿಟ್ಟೆ. ಹಾಳಾಗಿಹೋದೆ. ಮರೆಯೋಕೆ ಏನಾದ್ರೂ ಕೊಡಿ."

"ನೆನಪಿಗೆ ಟಾನಿಕ್ ಇದೆ. ಮರೆವಿಗೆ ಇನ್ನೂ ಕಂಪನಿಯವರು ಮಾಡಿಲ್ಲ" ಅಂದರು ಅಂಗಡಿಯವರು. ಆ್ಯಪ್‌ನಲ್ಲಿ ಹನ್ನೊಂದು, ಹನ್ನೆರಡು ಹುಡುಕೋಣ ಅಂತ ಭಾವ ಮುಂದಿನ ಪಾಠ ಒತ್ತಿದರೆ ಅದರಲ್ಲಿ ಒಬ್ಬ ಹುಡುಗ ಸೇಬು ತಿನ್ನುತ್ತಿದ್ದ. ಅದಕ್ಕೂ ಮುಂದೆ ಒತ್ತಿದರೆ ಒಬ್ಬಳು ಹುಡುಗಿ ಅದೇ ಸೇಬು ತಿನ್ನುತ್ತಿದ್ದಳು. ಭಾವ ಫೋನ್ ಮುಚ್ಚಿಟ್ಟು, ಟೆಸ್ಟಿನ ದಿನ ಮನೆಯಲ್ಲೇ ಇರುತ್ತೇನೆ ಎಂದು ಮಾತು ಕೊಟ್ಟರು.

ಕೊಟ್ಟ ಮಾತು ಉಳಿಸಿಕೊಳ್ಳುವವರೇ. ಆದರೆ ನಡುವೆ ಬ್ರೇಕ್ ಇನ್ಸ್‌ಪೆಕ್ಟರ್ ಇದ್ದರಲ್ಲ. ಲೈಸೆನ್ಸ್ ಕೊಡುವ ಆಫೀಸಿನಲ್ಲಿ ಟೆಸ್ಟ್ ತೆಗೆದುಕೊಳ್ಳುವ ಸಾಹೇಬರು ಅವರು. ಬಹಳ ಶಿಸ್ತಿನ ಮನುಷ್ಯ, ಆಡುಮಾತನ್ನೂ ಸುತ್ತೋಲೆಯಂತೆ ಆಡುವವರು. ಕೆಲವು ವಾರಗಳಿಂದ ಈ ಸ್ಕೂಲಿನವರೆಲ್ಲ ಕಾರು ಹತ್ತಿದ ಕೂಡಲೇ ಒಂದೇ ಥರ ಗುನುಗುವುದು ಅವರ ಕಿವಿಗೆ ಬಿದ್ದಿತ್ತು. ಗಡಿಯಾರದವರ ಹೆಸರು ಕೇಳಿದರೆ ಅವರು ಗಾಬರಿಯಲ್ಲಿ "ಅಖಾತ್" ಅಂದಿದ್ದರು. ಸಂಗೀತದ ಮೇಡಂ ಪಲ್ಲವಿ ಮುಗಿಯುವವರೆಗೆ ಗೇರೇ ಹಾಕಿರಲಿಲ್ಲ.

ಅಕ್ಕನ ಅರ್ಜಿಯ ಮೇಲೆ ಸ್ಕೂಲಿನ ಹೆಸರು ನೋಡಿ ಸಾಹೇಬರು ಪೆನ್ನಿನ ಕ್ಯಾಪ್ ಮುಚ್ಚಿದರು. "ಸದರಿ ಶಾಲೆಯ ಅಭ್ಯರ್ಥಿಗಳು ಮೌಖಿಕ ಸಂಕೇತದ ನೆರವು ಪಡೆಯುತ್ತಿರುವುದು ನಮ್ಮ ಗಮನಕ್ಕೆ ಬಂದಿರುತ್ತದೆ. ಆ ಮೇಷ್ಟ್ರು ಖುದ್ದು ಹಾಜರಾಗುವವರೆಗೆ ಪರೀಕ್ಷೆ ಇಲ್ಲ."

"ಸಾರ್, ಅವರು ಬರೋದು ಬೇಡ ಸಾರ್" ಅಂದಳು ಅಕ್ಕ.

"ಬೇಡ ಅಂದಷ್ಟೂ ಅನುಮಾನ ಬಲವಾಗುತ್ತದೆ" ಅಂದರು ಸಾಹೇಬರು.

ಭಾವನನ್ನು ಕರೆಸಲಾಯಿತು. ಸ್ನಾನ ಮಾಡುತ್ತಿದ್ದವರು ಅರ್ಧ ಒದ್ದೆ ತಲೆಯಲ್ಲೇ ಬಂದರು. ಸಾಹೇಬರು ಅಕ್ಕನ ಪಕ್ಕ ಮುಂದೆ ಕೂತರು. ಭಾವನನ್ನು ಹಿಂದೆ ಕೂರಿಸಿ, "ಚಾಲನೆಯ ವೇಳೆ ತಾವು ಅದನ್ನು ಗಟ್ಟಿಯಾಗಿ ಹೇಳಬೇಕು. ಯಾವ ಪದಕ್ಕೆ ಯಾವ ತಿರುವು ಅಂತ ನಾನು ನೋಡುತ್ತೇನೆ" ಎಂದರು. ಸಾಕ್ಷಿಗೆ ಒಬ್ಬರು ಬೇಕೆಂದು ನನ್ನನ್ನೂ ಭಾವನ ಪಕ್ಕ ತುರುಕಿದರು.

ಹಿಂದಿನ ಸೀಟಿಗೆ ಬ್ರೇಕಿಲ್ಲ. ಭಾವ ಹಾಗೆ ಕೂತದ್ದು ಅದೇ ಮೊದಲು. ಕಾರು ಹೊರಡುವ ಮುಂಚೆಯೇ ಅವರ ಬಲಗಾಲು ನೆಲವನ್ನು ತಡವಿ ನೋಡುತ್ತಿತ್ತು.

ಮೈದಾನದಲ್ಲಿ ಎಂಟರ ಆಕಾರಕ್ಕೆ ಡ್ರಮ್ಮುಗಳನ್ನು ಇಟ್ಟಿರುತ್ತಾರೆ. ಅವುಗಳ ನಡುವೆ, ಒಂದನ್ನೂ ತಾಗಿಸದೆ, ಕಾರನ್ನು ಸುತ್ತಿಸಿ ತರಬೇಕು. ಒಂದು ಸಲ ಗಾಡಿ ಆಫ್ ಆದರೆ ಕ್ಷಮೆ ಉಂಟು, ಎರಡನೇ ಸಲಕ್ಕೆ ಫೇಲ್. ಅಕ್ಕ ಕನ್ನಡಿ ನೋಡಿದಳು, ಬೆಲ್ಟ್ ಹಾಕಿದಳು, ಮೆಲ್ಲಗೆ ಹೊರಟಳು. ಎಂಟಿನ ಮೊದಲ ಸುತ್ತು ಬೆಣ್ಣೆಯಿಂದ ಕೂದಲು ತೆಗೆದಂತೆ ಆಯಿತು. ನಡುವಿನ ತಿರುವಿನಲ್ಲಿ, ಭಾವ ಹಿಂದೆ ಕೂತಿರುವುದು ನೆನಪಾಯಿತೋ ಏನೋ, ಕಾಲು ಕ್ಲಚ್ಚಿನಿಂದ ಜಾರಿತು. ಕಾರು ಜಗ್ಗಿ ಆಫ್ ಆಯಿತು. ಮೂತಿಯ ಎದುರಿಗೆ ಒಂದು ಮೊಳ ದೂರದಲ್ಲಿ ಡ್ರಮ್ಮು.

ಭಾವನ ಕಿವಿ ಕೆಂಪಗಾದದ್ದನ್ನು ನಾನು ಪಕ್ಕದಿಂದ ನೋಡಿದೆ.

"ಈಗ ಹೇಳತಕ್ಕದ್ದು" ಅಂದರು ಸಾಹೇಬರು.

ಭಾವ ಹೇಳಿದರು. ನಿಧಾನವಾಗಿ ಹೇಳಲು ಎಷ್ಟು ಕಷ್ಟಪಟ್ಟರೆಂದು ಅವರ ಮುಷ್ಟಿ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ನಾಲಿಗೆಗೆ ದಾರಿ ಪಳಗಿಹೋಗಿತ್ತು. ಅಖಾತ್‌ನಿಂದ ಶೇವಾಕ್ಕೆ ಹಾರಿತು, ಶ್ಮೋನೆಯನ್ನು ತಿರುಗಿಯೂ ನೋಡಲಿಲ್ಲ, ತೇಶಾ, ಏಸೆರ್. ಮುಗಿಯಿತು. ಎದೆ ಉಬ್ಬಿತು, ಬಾಯಿ ತೆರೆಯಿತು. ನಾನು ಕಣ್ಣು ಮುಚ್ಚಿಕೊಂಡೆ. ವ್ಯಾನ್ ಹೋಯಿತು ಅಂದುಕೊಂಡೆ.

ಆಗ ಅಕ್ಕ, ಕತ್ತು ಕೂಡ ತಿರುಗಿಸದೆ, ಕೌಂಟರಿನಿಂದ ಪುಸ್ತಕ ದಾಟಿಸುವಷ್ಟೇ ಶಾಂತವಾಗಿ ಹೇಳಿದಳು.

"ಅಖಾತ್ ಎಸ್ರೇ."

ಕೂಗು ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಭಾವನ ಬಾಯಿ ತೆರೆದೇ ಇತ್ತು, ಒಳಗಿಂದ ಏನೂ ಹೊರಡುತ್ತಿರಲಿಲ್ಲ. "ಅಖಾತ್..." ಅಂದರು ಪಿಸುಮಾತಿನಲ್ಲಿ. "ಅದು ಒಂದಲ್ವಾ? ಅದಕ್ಕೆ ಬಾಲ ಯಾಕೆ?" ಕಿಟಕಿಯಾಚೆ ಆಕಾಶ ನೋಡಿದರು. ಬೆರಳು ಮಡಚಿದರು. ಹತ್ತು ಬೆರಳೂ ಮುಗಿದಿದ್ದವು, ಹನ್ನೊಂದನೆಯದನ್ನು ಹುಡುಕುತ್ತ ನನ್ನ ಕೈ ಹಿಡಿದುಕೊಂಡರು.

ಅಷ್ಟರಲ್ಲಿ ಅಕ್ಕ ಕೀ ತಿರುಗಿಸಿದಳು. ಆ ಮೌನದಲ್ಲಿ ಇಂಜಿನ್ ಮಾತಾಡಿತು, ಅಕ್ಕ ಕೇಳಿಸಿಕೊಂಡಳು. ಸ್ವಲ್ಪ ಹಿಂದಕ್ಕೆ ತಂದು, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಡ್ರಮ್ಮಿನ ಪಕ್ಕದಿಂದ ನುಣುಚಿ ಎರಡನೇ ಸುತ್ತಿಗೆ ಇಳಿದಳು. ಭಾವ ಇನ್ನೇನು ಚೇತರಿಸಿಕೊಂಡು, "ಎಸ್ರೇ ಅಂದ್ರೆ..." ಎನ್ನುವಷ್ಟರಲ್ಲಿ, "ಶ್ತೇಮ್ ಎಸ್ರೇ" ಅಂದಳು. ಭಾವ ಮತ್ತೆ ಆಕಾಶ ನೋಡಿದರು. ಎಂಟು ಪೂರ್ತಿಯಾಗಿ, ಕಾರು ಹೊರಟಲ್ಲೇ ಬಂದು ನಿಂತಿತು.

ಸಾಹೇಬರು ಪೆನ್ನಿನ ಕ್ಯಾಪ್ ತೆಗೆದರು. "ಅದೇನಮ್ಮ ನೀವು ಹೇಳಿದ್ದು?"

"ಹನ್ನೊಂದು, ಹನ್ನೆರಡು, ಸಾರ್."

"ಅವರು ಹೇಳಿದ್ದು?"

"ಒಂದರಿಂದ ಹತ್ತು ಸಾರ್. ಬರೀ ಎಣಿಕೆ. ಅವರಿಗೆ ಕೋಪ ಬರದೆ ಇರೋಕೆ, ಫೋನಲ್ಲಿ ಹೀಬ್ರೂ ಆ್ಯಪ್ ನೋಡಿ ಕಲಿತದ್ದು."

ಸಾಹೇಬರು ಹಿಂದಕ್ಕೆ ತಿರುಗಿ ಭಾವನ ಮುಖ ನೋಡಿದರು. ಅಲ್ಲಿ ಕೋಪದ ಲವಲೇಶವೂ ಇರಲಿಲ್ಲ, ದಾರಿ ತಪ್ಪಿದ ಮಗುವಿನ ಮುಖ. "ಎಣಿಕೆಗೆ ನಿಷೇಧವಿರುವುದಾಗಿ ನಿಯಮಾವಳಿಯಲ್ಲಿ ಕಂಡುಬರುವುದಿಲ್ಲ" ಎಂದು ಪಾಸ್ ಅಂತ ಬರೆದರು. ಇಳಿಯುವಾಗ ತಗ್ಗಿದ ದನಿಯಲ್ಲಿ, ಮೊದಲ ಸಲ ಮನುಷ್ಯರ ಮಾತಿನಲ್ಲಿ, "ನಮ್ಮನೇಲೂ ಸ್ವಲ್ಪ ಕೋಪ ಜಾಸ್ತಿ. ಅದು ಯಾವ ಆ್ಯಪ್ ಅಂದ್ರಿ?" ಎಂದು ನನ್ನನ್ನು ಕೇಳಿದರು.

ಮೈದಾನದಿಂದ ಹೊರಗೆ ಬರುವಾಗ ಭಾವ ಅಕ್ಕನ ಹಿಂದೆ ಹಿಂದೆಯೇ ಬಂದರು. "ನೀನು ಯಾವಾಗ ಕಲಿತೆ?"

"ನೀವು ಮೆಟ್ಟಿಲ ಮೇಲೆ ಶುರು ಮಾಡಿದ ದಿನಾನೇ. ನೀವು ಮಲಗಿದ ಮೇಲೆ ನಿಮ್ಮ ಫೋನಲ್ಲೇ. ಇವರಿಗೆ ಇವತ್ತಲ್ಲ ನಾಳೆ ಹತ್ತು ಮುಗಿಯುತ್ತೆ, ಆಮೇಲೆ ಕೊಡೋಕೆ ಕೈಯಲ್ಲಿ ಏನಾದ್ರೂ ಇರ್ಲಿ ಅಂತ."

"ಮೊನ್ನೆ ಏರಿನಲ್ಲಿ ಯಾಕೆ ಕೊಡಲಿಲ್ಲ?"

"ಮೊನ್ನೆ ನನಗೇ ಕೋಪ ಬಂದಿತ್ತು ಕಣ್ರೀ" ಅಂದಳು ಅಕ್ಕ. ಭಾವ ಅವಳ ಕೈಚೀಲ ಇಸಿದುಕೊಂಡು ಮುಂದೆ ನಡೆದರು.

ಅಕ್ಕ ಈಗ ವ್ಯಾನ್ ಓಡಿಸುತ್ತಾಳೆ. ಕುಲುಕಿದರೆ ಕಪಾಟಿನ ಪುಸ್ತಕ ಬೀಳುತ್ತವೆ ಎಂದು ನೀರು ತುಂಬಿದ ಕೊಡ ಹೊತ್ತವಳಂತೆ ಓಡಿಸುತ್ತಾಳೆ. ವೃದ್ಧಾಶ್ರಮದವರು ವ್ಯಾನಿನ ಸದ್ದು ಕೇಳುವ ಮೊದಲೇ ಗೇಟಿಗೆ ಬಂದು ನಿಂತಿರುತ್ತಾರೆ. ರಜೆಯಿದ್ದ ದಿನ ಭಾವನೂ ಪಕ್ಕದಲ್ಲಿ ಕೂತು ಹೋಗುತ್ತಾರೆ. ಕೂಗುವುದಿಲ್ಲ, ಪಾಪ, ಅದನ್ನು ಪೂರ್ತಿ ಬಿಟ್ಟಿದ್ದಾರೆ. ಹೇಳುತ್ತಾರೆ, ಅಷ್ಟೆ. ಮುಂದೆ ಹಂಪ್ ಇದೆ, ಗೇರ್ ಇಳಿಸು, ಸೈಕಲ್ಲಿನವನನ್ನು ನೋಡು, ಇಂಡಿಕೇಟರ್ ಹಾಕು, ಹಾಕಿದ್ದನ್ನು ತೆಗಿ. ವ್ಯಾನಿನಲ್ಲಿ ಅವರ ಕಡೆಗೆ ಬ್ರೇಕಿಲ್ಲ, ಆದರೂ ಒತ್ತುತ್ತಲೇ ಇರುತ್ತಾರೆ. ಒತ್ತಿ ಒತ್ತಿ ಮ್ಯಾಟಿನ ಮೇಲೆ ಬೂಟಿನ ಆಕಾರ ಬಿದ್ದಿದೆ.

ಅಕ್ಕ ತಿರುಗಿ ಒಂದು ಮಾತೂ ಆಡುವುದಿಲ್ಲ. ತುಟಿ ಮಾತ್ರ ಅಲುಗುತ್ತಿರುತ್ತದೆ. ಮೊನ್ನೆ ನಾನೂ ಹಿಂದೆ ಪುಸ್ತಕಗಳ ನಡುವೆ ಕೂತು ಹೋಗಿದ್ದೆ. ಮುಂದಕ್ಕೆ ಬಗ್ಗಿ ಮೆಲ್ಲಗೆ ಕೇಳಿದೆ, "ಅಕ್ಕಾ, ಎಷ್ಟಕ್ಕೆ ಬಂತು?"

"ಈಗ ತೊಂಬತ್ತು ಕಣೋ" ಅಂದಳು ಅಕ್ಕ. "ವೃದ್ಧಾಶ್ರಮ ಬರೋಷ್ಟರಲ್ಲಿ ಇನ್ನೂರು ದಾಟುತ್ತೆ."

"ಏನು, ಸ್ಪೀಡಾ?" ಅಂದವರೇ ಭಾವ ಎರಡೂ ಕಾಲಲ್ಲಿ ನೆಲ ಒತ್ತಿದರು.